ಮಧುಗಿರಿಯ ಸೆರೆ

ತುಮಕೂರಿನಿಂದ ಕೊರಟಗೆರೆಯ ಮಾರ್ಗವಾಗಿ ಬರುವವರಿಗೆ ಮಧುಗಿರಿಯ ಬೆಟ್ಟ ಊರಿಗಿಂತ ಬಹಳ ಮೊದಲೇ ಕಾಣಿಸುತ್ತದೆ. ಸಮುದ್ರಮಟ್ಟದಿಂದ 3,900 ಅಡಿಗೂ ಮಿಕ್ಕಿದ ಬೋಳುಬಂಡೆ. ಅದರ ಮೇಲೆ ಕೋಟೆ ಎದ್ದದ್ದು ಒಂದು ಕುರಿಯ ದೆಸೆಯಿಂದ ಎಂಬುದು ಐತಿಹ್ಯ. ದಾರಿ ತಪ್ಪಿ ಬೆಟ್ಟಕ್ಕೆ ಹೋದ ಕುರಿ ಮೈಯಿಂದ ನೀರು ತೊಟ್ಟಿಕ್ಕುತ್ತ ಮರಳಿ ಬಂತಂತೆ. ಮೇಲೆ ನೀರುಂಟೆಂದು ಅರಿತ ಪಾಳೆಯಗಾರ ರಾಜಾ ಹಿರೇಗೌಡ ಮಣ್ಣಿನ ಕೋಟೆ ಕಟ್ಟಿಸಿದ. ಕಥೆ ಹೇಗೇ ಇರಲಿ, ಸಿರಾ, ಪಾವಗಡಗಳ ಈ ಬರದ ಸೀಮೆಯಲ್ಲಿ ಕಲ್ಲಿಗೆ ಕೊರತೆಯಿಲ್ಲ. ಕೋಟೆಯ ಪ್ರಾಣವಿರುವುದು ನೀರಿನಲ್ಲಿ.

1678ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ದುರ್ಗ ಮೈಸೂರಿನ ವಶವಾಯಿತು. ಈಗ ಕಾಣುವ ಕಲ್ಲಿನ ಕೋಟೆ ಹೈದರಾಲಿಯದು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದರ ಮೇಲೊಂದು ದಾಟಿ ಏರಬೇಕು. ಶತ್ರು ಒಳಗೆ ಬಾರದಂತೆ ಮಾಡಿದ ಈ ಏರ್ಪಾಡು, ಒಳಗಿದ್ದವರು ಹೊರಗೆ ಹೋಗದಂತೆ ತಡೆಯುವುದಕ್ಕೂ ಅಷ್ಟೇ ಚೆನ್ನಾಗಿ ಒದಗಿತು.

1763ರಲ್ಲಿ ಹೈದರನು ಬಿದನೂರನ್ನು ಹಿಡಿದ. ಮಲೆನಾಡಿನಿಂದ ಮಂಗಳೂರಿನ ಕಡಲತೀರದವರೆಗೆ ಹಬ್ಬಿದ್ದ ಕೆಳದಿಯ ರಾಜ್ಯ ಅಲ್ಲಿಗೆ ಮುಗಿಯಿತು. ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರ ಸೋಮಶೇಖರನನ್ನೂ ತಂದು ಮಧುಗಿರಿಯಲ್ಲಿ ಸೆರೆಯಿಟ್ಟರು. ಬಿಡದೆ ಮಳೆ ಸುರಿಯುವ ನಾಡಿನವಳಿಗೆ ಈ ಕಾದ ಬಂಡೆ! ಸುಮಾರು ನಾಲ್ಕು ವರ್ಷ. 1767ರಲ್ಲಿ ಪೇಶ್ವೆ ಮಾಧವರಾಯ ಸಿರಾವನ್ನು ತೆಗೆದುಕೊಂಡು ಮಧುಗಿರಿಯನ್ನೂ ಗೆದ್ದಾಗ ತಾಯಿಮಗ ಬಿಡುಗಡೆ ಹೊಂದಿದರು. ರಾಣಿ ಪುಣೆಯನ್ನು ತಲುಪಲಿಲ್ಲ, ದಾರಿಯಲ್ಲೇ ತೀರಿಕೊಂಡಳು.

ಕರ್ನಲ್ ವಿಲ್ಕ್ಸ್ ಮೊದಲ್ಗೊಂಡು ಇತಿಹಾಸ ಬರೆದವರು ಆಕೆಯ ನಡತೆಯ ವಿಚಾರವನ್ನು ರಸವತ್ತಾಗಿ ಬರೆದರು. ಈ ಸೆರೆವಾಸಕ್ಕೆ ಒಂದೆರಡು ವಾಕ್ಯ ಸಾಕೆನಿಸಿತು. ನನಗೆ ಇದು ನ್ಯಾಯವೆನಿಸುವುದಿಲ್ಲ. ಗೆದ್ದವನ ಕಡೆಯವರ ಬಾಯಿಂದ ಬಂದ ಮಾತಿನಲ್ಲಿ ಎಷ್ಟು ನಿಜವೋ, ಅದನ್ನು ತೂಗಿ ನೋಡುವ ತಾಳ್ಮೆ ಆ ಬರೆಹಗಳಲ್ಲಿ ಕಾಣದು.

1774ರಲ್ಲಿ ಟಿಪ್ಪು ಕೋಟೆಯನ್ನು ಮರಾಠರಿಂದ ಮರಳಿ ಪಡೆದ. 1799ರ ತರುವಾಯ ಬೆಟ್ಟದ ದುರ್ಗಗಳಿಗೆ ಕೆಲಸವೇ ಉಳಿಯಲಿಲ್ಲ. ಇಂದು ಇದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ತುದಿಯಲ್ಲಿ ಗೋಪಾಲಕೃಷ್ಣನ ಗುಡಿಯೂ ಕಣಜಗಳೂ ಪಾಳುಬಿದ್ದಿವೆ. ರಜಾದಿನಗಳಲ್ಲಿ ಬೆಂಗಳೂರಿನ ಹುಡುಗರು ಕಂಬಿ ಹಿಡಿದು, ಏದುಸಿರು ಬಿಡುತ್ತ ಹತ್ತುತ್ತಾರೆ. ಹೈದರನ ಹೆಸರು ಅವರಿಗೆ ಗೊತ್ತು. ವೀರಮ್ಮಾಜಿಯ ಹೆಸರೆತ್ತಿದವರು ನನಗೆ ಇನ್ನೂ ಸಿಕ್ಕಿಲ್ಲ.