ಐಇಎಲ್‌ಟಿಎಸ್‌ಗೂ ಒಂದು ಇತಿಹಾಸ ಐತಿ

1/9
ಈ ಸಲದ ಸರಣಿ ಕೋಟೆ, ಗುಡಿ ಬಗ್ಗೆ ಅಲ್ಲ. ಒಂದು ಪರೀಕ್ಷೆ ಬಗ್ಗೆ.

ಮೊದಲ ಫೋಟೋದಾಗ ಇರೋದು ನನ್ನ ದೋಸ್ತನ ರಿಸಲ್ಟ್. ಅವನನ್ನ ಕೇಳೇ ಹಾಕೀನಿ, ಹೆಸರು ಮುಚ್ಚೀನಿ. ಲಿಸನಿಂಗ್ 6.5, ರೀಡಿಂಗ್ 6.5, ಸ್ಪೀಕಿಂಗ್ 6, ರೈಟಿಂಗ್ 5.5. ಒಟ್ಟು 6. ಅವನಿಗೆ ಬೇಕಿದ್ದದ್ದು ಒಟ್ಟು 6.5, ಯಾವುದರಾಗೂ 6ಕ್ಕಿಂತ ಕಡಿಮಿ ಇರಬಾರದು.

ಹತ್ತನೇ ತನಕ ಕನ್ನಡ ಮೀಡಿಯಂ ಹುಡುಗ. ಪರೀಕ್ಷೆ ಫೀ ಹದಿನೇಳು ಹದಿನೆಂಟು ಸಾವಿರ. ನಮ್ಮ ಸಿಂಧನೂರು ಕಡೆ ಲೆಕ್ಕದಾಗ ಹೆಚ್ಚುಕಡಿಮಿ ಹತ್ತು ಚೀಲ ಭತ್ತ. ರಿಸಲ್ಟ್ ಬಂದ ಸಂಜೆ ಕಾಲುವೆ ದಂಡಿ ಮ್ಯಾಲೆ ಕುಂತು ಅಂದ: "ನನ್ನ ತಲಿಗೆ ಇಂಗ್ಲಿಷ್ ಹತ್ತಂಗಿಲ್ಲ ಬಿಡಲೇ. ನಾವು ದಡ್ಡರು."

ಆಗ ನನಗೆ ಉತ್ತರ ಹೊಳೀಲಿಲ್ಲ. ನಾನು ಓದ್ತಿರೋದು ಇತಿಹಾಸ. ಅದಕ್ಕೆ ಈ ಪರೀಕ್ಷೆ ಎಲ್ಲಿಂದ ಬಂತು ಅಂತ ಹುಡುಕಿದೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ. ಅವನೂ ಓದ್ತಾನ.

2/9
ಫೋಟೋ: ಮಸ್ಕಿಯ ಬಂಡೆ.

ಇದು ನಿಮಗೆಲ್ಲ ಗೊತ್ತು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತಾ ಬಂದಾಗ ಕಂಡ ಶಾಸನ. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಎಂದು ಗಟ್ಟಿಯಾಗಿದ್ದು ಇಲ್ಲಿ ಅವನ ಹೆಸರು ಸಿಕ್ಕಿದ ಮೇಲೆ. ಶಾಲೆಯಲ್ಲಿ ಇಷ್ಟು ಹೇಳಿ ಮುಂದೆ ಹೋಗ್ತಾರೆ.

ನೀವು ಇನ್ನೊಂದು ಪ್ರಶ್ನೆ ಕೇಳ್ರಿ. ಅವತ್ತು ಅಲ್ಲಿ ದನ ಕಾಯ್ತಿದ್ದವನಿಗೆ ಆ ಸಾಲು ಓದಿ ಹೇಳಿದರೆ ತಿಳೀತಿತ್ತಾ? ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅದು ಉತ್ತರದಿಂದ ಬಂದ ಆಡಳಿತದ ಭಾಷೆ, ಇಲ್ಲಿಯ ಮನೆಮಾತಲ್ಲ. ಯಾರೋ ಒಬ್ಬರು ನಡುವೆ ನಿಂತು ಅರ್ಥ ಹೇಳಲೇಬೇಕಿತ್ತು.

ಮುಂದೆ ಫಾರಸಿ ಬಂತು, ಆಮೇಲೆ ಉರ್ದು. ನಮ್ಮ ರಾಯಚೂರು ಸೀಮೆ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ನಡೀತಿದ್ದದ್ದು ಉರ್ದುವಿನಲ್ಲಿ, ಇಂಗ್ಲಿಷ್ ಒಂದು ಕಡ್ಡಾಯ ವಿಷಯ. ಅಂದರೆ ನಮ್ಮ ಮುತ್ತಜ್ಜನ ಕಾಲದ ಹುಡುಗನಿಗೆ ಮನೆಯೊಳಗೆ ಕನ್ನಡ, ಕಚೇರಿಗೆ ಉರ್ದು, ಅದರಾಚೆಗೆ ಇಂಗ್ಲಿಷ್.

ನಮ್ಮದಲ್ಲದ ಭಾಷೆಯ ಬಾಗಿಲ ಮುಂದೆ ನಿಲ್ಲೋದು ಈ ನೆಲಕ್ಕೆ ಹೊಸದಲ್ಲ. ಬಾಗಿಲು ಮಾತ್ರ ಬದಲಾಗ್ತಾ ಬಂದಿದೆ.

3/9
ಈಗ ಉಲ್ಟಾ ಕಥೆ. ಒಂದು ಕಾಲಕ್ಕೆ ಕನ್ನಡ ಪರೀಕ್ಷೆಗೆ ಬೆವರಿದವರು ಇಂಗ್ಲಿಷ್ ಹುಡುಗರು.

1812ರಲ್ಲಿ ಮದ್ರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಶುರುವಾಯ್ತು. ಇದರ ಹಿಂದಿದ್ದವನು ಎಫ್.ಡಬ್ಲ್ಯೂ. ಎಲಿಸ್. ಈಸ್ಟ್ ಇಂಡಿಯಾ ಕಂಪನಿ ನೌಕರಿಗೆ ಹಡಗಿಳಿದ ಹುಡುಗರು ಇಲ್ಲಿ ಕೂತು ತಮಿಳು, ತೆಲುಗು, ಕನ್ನಡದಂಥ ಭಾಷೆ ಕಲಿತು ಪರೀಕ್ಷೆ ಕೊಡಬೇಕಿತ್ತು. ಕಂದಾಯ ವಸೂಲಿ ಮಾಡೋನಿಗೆ ರೈತನ ಮಾತು ತಿಳೀಬೇಕಲ್ಲ.

ಪರೀಕ್ಷೆ ಅಂದಮೇಲೆ ಗೈಡು ಬೇಕೇ ಬೇಕು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂತು. 1820ರಲ್ಲಿ ಮದ್ರಾಸಿನಿಂದ ಜಾನ್ ಮೆಕೆರೆಲ್‌ನ ವ್ಯಾಕರಣ. ಎರಡೂ ಇಂಗ್ಲಿಷ್‌ನಲ್ಲಿ, ಕನ್ನಡ ಕಲಿಯೋ ಪರದೇಶದವರಿಗಾಗಿ. 'ಲ' 'ಳ' ನಡುವೆ ಅವರು ಹೆಂಗ ಒದ್ದಾಡಿರಬಹುದು ಅಂತ ಒಂದು ಕ್ಷಣ ಯೋಚಿಸ್ರಿ.

ಅವರೇನು ದಡ್ಡರಾಗಿರಲಿಲ್ಲ. ಭಾಷೆ ಹೊಸದು, ಟೈಮ್ ಬೇಕಿತ್ತು. ಸಂಬಳ ಕೊಟ್ಟು, ಮುನ್ಷಿಗಳನ್ನು ಕೂಡಿಸಿ ಕಲಿಸಿದ್ರು.

4/9
ಹಾಗಾದರೆ ಹಳೇ ಕಾಲದಲ್ಲಿ ಇಲ್ಲಿಂದ ಪರದೇಶಕ್ಕೆ ಓದಲು ಹೋದವರು ಯಾವ ಇಂಗ್ಲಿಷ್ ಟೆಸ್ಟ್ ಬರೆದರು?

ಈಗಿನಂಥ ಟೆಸ್ಟ್ ಇರಲೇ ಇಲ್ಲ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳ ಮೆಟ್ರಿಕ್ಯುಲೇಷನ್, ಪದವಿ ಪಾಸಾಗಬೇಕಾದರೇ ಇಂಗ್ಲಿಷ್ ಬೇಕಿತ್ತು. ಆ ಸರ್ಟಿಫಿಕೇಟೇ ಪುರಾವೆ.

ನಮ್ಮದೇ ಸಂಸ್ಥಾನದ ಹೈದರಾಬಾದಿನ ಸರೋಜಿನಿ ಚಟ್ಟೋಪಾಧ್ಯಾಯ (ಮುಂದೆ ಸರೋಜಿನಿ ನಾಯ್ಡು) 12ನೇ ವಯಸ್ಸಿಗೆ ಮದ್ರಾಸ್ ಮೆಟ್ರಿಕ್ ಪಾಸು. 1895ರಲ್ಲಿ ನಿಜಾಮರ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ. ಆದರೆ ಅವರ ತಂದೆಯೇ ಎಡಿನ್‌ಬರೋದಲ್ಲಿ ಡಾಕ್ಟರೇಟ್ ಪಡೆದವರು. ಇಂಗ್ಲಿಷ್ ಮನೆಯೊಳಗೇ ಇತ್ತು.

ಎಲ್ಲರ ಮನೆಯಲ್ಲೂ ಹಂಗ ಇರಲಿಲ್ಲ. ಡಾ. ಬಿ.ಆರ್. ಅಂಬೇಡ್ಕರ್ 1907ರಲ್ಲಿ ಮೆಟ್ರಿಕ್, 1912ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎ. ಮುಗಿಸಿ, 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಗೋಕಾಕ ತಾಲೂಕಿನ ಮಮದಾಪುರ ಎಂಬ ಹಳ್ಳಿಯ ಡಿ.ಸಿ. ಪಾವಟೆ ಕೇಂಬ್ರಿಡ್ಜಿನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ ಬಂದು, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾದರು.

ಇವರಲ್ಲಿ ಯಾರ ಹತ್ತಿರವೂ 'ಬ್ಯಾಂಡ್' ಇರಲಿಲ್ಲ.

5/9
1913 ಅಂದೆನಲ್ಲ. ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋದ ಅದೇ ವರ್ಷ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಪರದೇಶದವರಿಗೆ ಒಂದು ಇಂಗ್ಲಿಷ್ ಪರೀಕ್ಷೆ ಶುರು ಮಾಡಿತು. ಮುಖ್ಯವಾಗಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಾಗಬೇಕಿದ್ದವರಿಗೆ. ಐಇಎಲ್‌ಟಿಎಸ್ ನಡೆಸುವವರಲ್ಲಿ ಕೇಂಬ್ರಿಡ್ಜೂ ಒಂದು, ಹಾಗಾಗಿ ಇದು ಆ ಮನೆತನದ ಮುತ್ತಜ್ಜಿ ಇದ್ದಂಗ.

ಪರೀಕ್ಷೆ ಎಷ್ಟು ಹೊತ್ತು ಗೊತ್ತೇನು? ಒಟ್ಟು 12 ತಾಸು. ವ್ಯಾಕರಣ, ಪ್ರಬಂಧ, ಸಾಹಿತ್ಯ, ಉಚ್ಚಾರಣಾ ಶಾಸ್ತ್ರ, ಉಕ್ತಲೇಖನ, ಮಾತುಕತೆ. ಜೊತೆಗೆ ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನ್‌ಗೆ, ಅಲ್ಲಿಂದ ಇಂಗ್ಲಿಷಿಗೆ ಅನುವಾದ.

ಬರೆದವರು 3 ಮಂದಿ. ಪಾಸಾದವರು? ಒಬ್ಬರೂ ಇಲ್ಲ.

ಇಲ್ಲಿ ಸ್ವಲ್ಪ ನಿಲ್ರಿ. ಆ ಪರೀಕ್ಷೆಗೆ ನಮ್ಮ ದೋಸ್ತ ಕೂತಿದ್ದರೆ ಇಂಗ್ಲಿಷ್ ಕಲಿತರೂ ಸಾಲ್ತಿರಲಿಲ್ಲ, ಮೊದಲು ಫ್ರೆಂಚ್ ಕಲಿಬೇಕಿತ್ತು! ಆದರೆ ಇವತ್ತಿನ ಐಇಎಲ್‌ಟಿಎಸ್‌ನಲ್ಲಿ ಅನುವಾದಕ್ಕೆ ಒಂದು ಮಾರ್ಕೂ ಇಲ್ಲ. ಇಂಗ್ಲಿಷ್ ಅದೇ. 'ಇಂಗ್ಲಿಷ್ ಬರ್ತದ' ಅಂದರೆ ಏನು ಅನ್ನೋದು ಮಾತ್ರ ಬದಲಾಯ್ತು.

6/9
ಈ ಕಥೆಗೆ ಒಂದು ಕೆಟ್ಟ ಮುಖಾನೂ ಐತಿ. ಮುಚ್ಚಿಡಬಾರದು.

1897ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ವಸಾಹತು ಒಂದು ಕಾನೂನು ತಂತು: ಒಳಗೆ ಬರೋರು ಯುರೋಪಿನ ಒಂದು ಭಾಷೆಯಲ್ಲಿ ಅರ್ಜಿ ಬರೆದು ತೋರಿಸಬೇಕು. ಕಾನೂನಿನಲ್ಲಿ 'ಭಾರತೀಯರು' ಅನ್ನೋ ಮಾತಿಲ್ಲ. ಆದರೆ ತಡೆಯಬೇಕಾಗಿದ್ದದ್ದು ಅವರನ್ನೇ. ಆಗ ಗಾಂಧೀಜಿ ಅಲ್ಲೇ ಡರ್ಬಾನಿನಲ್ಲಿದ್ದರು, ಇದನ್ನು ವಿರೋಧಿಸಿದರು.

1901ರಲ್ಲಿ ಆಸ್ಟ್ರೇಲಿಯಾ ಇದೇ ಉಪಾಯ ಹಿಡಿಯಿತು. 50 ಪದಗಳ ಉಕ್ತಲೇಖನ, ಭಾಷೆ ಯಾವುದು ಅಂತ ಆರಿಸೋನು ಅಧಿಕಾರಿ. ನಿಮಗೆ ಇಂಗ್ಲಿಷ್ ಬಂದರೆ ಬೇರೆ ಭಾಷೆಯಲ್ಲಿ ಕೊಡ್ತಿದ್ದರು. 1934ರಲ್ಲಿ ಎಗಾನ್ ಕಿಶ್ ಎಂಬ ಪತ್ರಕರ್ತನಿಗೆ ಹಲವು ಭಾಷೆ ಬರ್ತವೆ ಅಂತ ತಿಳಿದು ಸ್ಕಾಟಿಷ್ ಗೇಲಿಕ್‌ನಲ್ಲಿ ಉಕ್ತಲೇಖನ ಕೊಟ್ಟರು. ಕೋರ್ಟು ಅದನ್ನು ಒಪ್ಪಲಿಲ್ಲ. ಈ ಪರೀಕ್ಷೆ ಕಾನೂನಿನಿಂದ ಹೋಗಿದ್ದು 1958ರಲ್ಲಿ.

ಅದು ಫೇಲ್ ಮಾಡೋಕಂತಲೇ ಮಾಡಿದ ಪರೀಕ್ಷೆ. ಅದರಲ್ಲಿ ಬಿದ್ದವರು ದಡ್ಡರೇನು? ನೀವೇ ಹೇಳ್ರಿ.

ಇಂದಿನ ಟೆಸ್ಟ್ ಅಂಥದ್ದಲ್ಲ. ಮಾರ್ಕ್ ಹೆಂಗ ಕೊಡ್ತಾರ ಅನ್ನೋದನ್ನ ಮೊದಲೇ ಬಹಿರಂಗವಾಗಿ ಹೇಳಿರ್ತಾರೆ. ಆದರೆ ಫೀ ಕಟ್ಟೋ ಶಕ್ತಿ, ಸೆಂಟರಿಗೆ ರಾತ್ರಿ ಬಸ್ಸು, ಮನೆಯಲ್ಲಿ ಇಂಗ್ಲಿಷ್ ಮಾತಾಡೋರು, ಇವು ಎಲ್ಲರಿಗೂ ಸಮ ಇಲ್ಲ. ಅದೂ ಇತಿಹಾಸದ ಭಾಗವೇ.

7/9
ಯು.ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದಾಗ ಇಂದಿನ ಟೆಸ್ಟುಗಳು ಇನ್ನೂ ಹುಟ್ಟಿರಲಿಲ್ಲ. ಪರದೇಶಕ್ಕೆ ಓದಲು ಹೋಗೋರು ಹೆಚ್ಚಾದಂತೆ ಎಲ್ಲರಿಗೂ ಒಂದೇ ಅಳತೆಗೋಲು ಬೇಕಾಯ್ತು.

1964: ಅಮೆರಿಕದ ಟೋಫೆಲ್ ಶುರು. ಸರಿ ಉತ್ತರ ಆರಿಸೋ ಪರೀಕ್ಷೆ. ಮಾತಾಡಿಸ್ತಾನೇ ಇರಲಿಲ್ಲ. ಮುಖ್ಯ ಟೆಸ್ಟಿನಲ್ಲಿ ಸ್ಪೀಕಿಂಗ್ ಬಂದದ್ದು 2005ರಲ್ಲಿ, ಇಂಟರ್ನೆಟ್ ಟೆಸ್ಟ್ ಬಂದಾಗ.

1965: ಬ್ರಿಟನ್ನಿನಲ್ಲಿ ಅಲನ್ ಡೇವಿಸ್ ರೂಪಿಸಿದ ಟೆಸ್ಟ್. ಕೇಳೋದು, ಓದೋದೇ ಮುಖ್ಯ.

1980: ಇಎಲ್‌ಟಿಎಸ್. ಈಗ ಬರೆಯೋದು, ಮಾತಾಡೋದು ಎರಡೂ ಸೇರಿತು. ಡಾಕ್ಟರಿಕೆ ಓದೋರಿಗೆ ಒಂದು ಪತ್ರಿಕೆ, ತಂತ್ರಜ್ಞಾನದವರಿಗೆ ಇನ್ನೊಂದು.

1989: ಆಸ್ಟ್ರೇಲಿಯಾದ ಐಡಿಪಿ ಕೂಡ ಸೇರಿ ಐಇಎಲ್‌ಟಿಎಸ್ ಆಯ್ತು.

1995: ವಿಷಯವಾರು ಪತ್ರಿಕೆ ತೆಗೆದು, ವಿಶ್ವವಿದ್ಯಾಲಯಕ್ಕೆ ಹೋಗೋರಿಗೆಲ್ಲ ಒಂದೇ ಅಕಾಡೆಮಿಕ್ ಪತ್ರಿಕೆ.

ನಮ್ಮ ದೋಸ್ತ ಬಿದ್ದದ್ದು ರೈಟಿಂಗ್‌ನಲ್ಲಿ. 1964ರ ಟೋಫೆಲ್‌ನಲ್ಲಿ ಅವನು ಒಂದು ಪ್ಯಾರಾನೂ ಬರೀಬೇಕಿರಲಿಲ್ಲ. ಅವನ ಇಂಗ್ಲಿಷ್ ಆಗಲೂ ಅಷ್ಟೇ ಇರ್ತಿತ್ತು, ರಿಸಲ್ಟ್ ಮಾತ್ರ ಬೇರೆ ಬರ್ತಿತ್ತು. ಅಳತೆಗೋಲು ಮನುಷ್ಯರು ಮಾಡಿದ್ದು, ಮೂವತ್ತು ವರ್ಷದಾಗ ಇಷ್ಟು ಸಲ ಬದಲಾಗಿದ್ದು. ಅದು ನಮ್ಮ ತಲೆಯನ್ನ ಅಳೆಯಂಗಿಲ್ಲ. ಇವತ್ತಿನ ನಿಯಮದ ಪ್ರಕಾರ ಇವತ್ತಿನ ತಯಾರಿಯನ್ನ ಅಳೀತದ, ಅಷ್ಟೇ.

8/9
ಹಂಗಂತ ಅಡ್ಡದಾರಿ ಹಿಡಿಬ್ಯಾಡ್ರಿ. ಇದೂ ಇತಿಹಾಸವೇ.

2014ರ ಫೆಬ್ರವರಿಯಲ್ಲಿ ಬಿಬಿಸಿ ಕಾರ್ಯಕ್ರಮವೊಂದು ಬ್ರಿಟನ್ನಿನ ಕೆಲವು ಸೆಂಟರ್‌ಗಳಲ್ಲಿ ಟೋಇಕ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಬೇರೆಯವರು ಬರೆದುಕೊಡ್ತಿದ್ದದ್ದನ್ನು ತೋರಿಸಿತು. ಆಮೇಲೆ 33,000ಕ್ಕೂ ಹೆಚ್ಚು ಫಲಿತಾಂಶಗಳನ್ನು ಮೋಸ ಅಂತ ತೀರ್ಮಾನಿಸಿದರು. ಸಾವಿರಾರು ವಿದ್ಯಾರ್ಥಿಗಳ ವೀಸಾ ಹೋಯ್ತು. ತಪ್ಪು ಮಾಡದವರೂ ಅದರಲ್ಲಿ ಸಿಕ್ಕಿಬಿದ್ದಿರಬಹುದು ಅಂತ 2019ರಲ್ಲಿ ಅಲ್ಲಿಯ ಲೆಕ್ಕಪರಿಶೋಧನಾ ಸಂಸ್ಥೆಯೇ ಹೇಳಿತು. ಎಷ್ಟೋ ಜನ ವರ್ಷಗಟ್ಟಲೆ ಕೋರ್ಟು ಅಲೆದರು.

"ರೊಕ್ಕ ಕೊಡು, ಬ್ಯಾಂಡ್ ನಾ ಕೊಡಿಸ್ತೀನಿ" ಅನ್ನೋ ಏಜೆಂಟ್ ನಿಮ್ಮ ಊರಿಗೂ ಬರಬಹುದು. ಆಗ ಇದನ್ನ ನೆನಪಿಸ್ಕೊಳ್ರಿ. ರೊಕ್ಕ ತಗೊಂಡೋನು ಹೋಗ್ತಾನ, ಹೆಸರು ಕೆಡೋದು ನಿಮ್ಮದು.

9/9
ಕೊನೇ ಫೋಟೋ: ನೋಟ್‌ಬುಕ್ಕಿನ ಒಂದು ಹಾಳೆ. ಇದು ದೋಸ್ತನಿಗೆ, ನಿಮಗೂ.

ಒಟ್ಟು ಬ್ಯಾಂಡ್ ಅಂದರೆ ನಾಲ್ಕರ ಸರಾಸರಿ, ಹತ್ತಿರದ ಅರ್ಧಕ್ಕೆ ಹಚ್ತಾರೆ. ಅವನದು 24.5ನ್ನ 4ರಿಂದ ಭಾಗಿಸಿದರೆ 6.125, ಅದಕ್ಕೇ 6. ರೈಟಿಂಗ್ 5.5ರಿಂದ 6 ಆದರೆ? 25 ಭಾಗ 4, 6.25. ನಿಯಮದ ಪ್ರಕಾರ 6.25 ಬಂದರೆ 6.5 ಅಂತ ಲೆಕ್ಕ! 'ದಡ್ಡ' ಅನ್ನೋದಕ್ಕೂ 'ಸೀಟ್ ಸಿಕ್ತು' ಅನ್ನೋದಕ್ಕೂ ನಡುವೆ ಇರೋದು ಒಂದೇ ವಿಷಯದಾಗ ಅರ್ಧ ಬ್ಯಾಂಡ್.

ಆ ಅರ್ಧಕ್ಕೆ ದಾರಿ:
• ಮೊದಲನೇ ಉತ್ತರ ಕನಿಷ್ಠ 150 ಪದ, ಎರಡನೇದು ಕನಿಷ್ಠ 250. ಎರಡನೇದಕ್ಕೆ ತೂಕ ದುಪ್ಪಟ್ಟು. 60 ನಿಮಿಷದಾಗ 40 ಅದಕ್ಕೇ ಇಡ್ರಿ.
• ಶಾಲೆಯಲ್ಲಿ ಕಲಿತ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇಲ್ಲೂ ನಡೀತದ. ಪೀಠಿಕೆ ಎರಡೇ ಸಾಲು. ಕೇಳಿದ ಪ್ರಶ್ನೆಗೆ ನೇರ ಉತ್ತರ. ಬಾಯಿಪಾಠದ ಪ್ರಬಂಧ ಕಂಡುಹಿಡೀತಾರ, ಬ್ಯಾಡ.
• ಸ್ಪೀಕಿಂಗ್‌ನಾಗ ರಾಯಚೂರು ಧಾಟಿ ಬಂತು ಅಂತ ಹೆದರಬ್ಯಾಡ್ರಿ. ನೋಡೋದು ಮಾತು ತಿಳೀತದೋ ಇಲ್ಲೋ ಅಂತ.
• ಮಾರ್ಕ್ ಮ್ಯಾಲೆ ಅನುಮಾನ ಇದ್ದರೆ 6 ವಾರದೊಳಗ ಮರುಮೌಲ್ಯಮಾಪನಕ್ಕೆ ಹಾಕಬಹುದು. ಬ್ಯಾಂಡ್ ಏರಿದರೆ ಆ ಫೀ ವಾಪಸ್.
• ಒಂದೇ ವಿಷಯ ಮತ್ತೆ ಬರೆಯೋ ಅವಕಾಶನೂ ಐತಿ. ಆದರೆ ನೀವು ಅರ್ಜಿ ಹಾಕೋ ವಿಶ್ವವಿದ್ಯಾಲಯ ಅದನ್ನ ಒಪ್ತದಾ ಅಂತ ಮೊದಲು ಕೇಳ್ರಿ.
• ರಿಸಲ್ಟ್ ಸಾಮಾನ್ಯವಾಗಿ 2 ವರ್ಷ ನಡೀತದ. ಅರ್ಜಿ ಯಾವಾಗ ಅಂತ ನೋಡಿ ಡೇಟ್ ಹಿಡೀರಿ.

ದೋಸ್ತ, ಇನ್ನೊಮ್ಮೆ ಹತ್ತು ಚೀಲ ಭತ್ತ ಮಾರೋಕೆ ಮೊದಲು ನಿನ್ನ ಬರವಣಿಗೆ ತಗೊಂಡು ಬಾ. ಭಾನುವಾರ ಮುಂಜಾನೆ 7ಕ್ಕೆ, ಶಾಲೆ ಕಟ್ಟೆ ಮ್ಯಾಲೆ. ವಾಚ್ ಇಟ್ಟು 40 ನಿಮಿಷ ಬರೆಯೋಣ. ನಾನೂ ಬರೀತೀನಿ, ನನ್ನದೂ ಇನ್ನೂ 6 ದಾಟಿಲ್ಲ. ಹತ್ತಿರದ ಊರಿನವರು ಯಾರು ಬಂದರೂ ಜಾಗ ಐತಿ. ಪೆನ್ನು ನಿಮ್ಮದು, ಚಹಾ ನಮ್ಮದು.

#ಮುಕ್ಕುಂದ #ಸಿಂಧನೂರು #ಮಸ್ಕಿ #ರಾಯಚೂರು #ಇತಿಹಾಸ #ಕನ್ನಡಮೀಡಿಯಂ