ದೇವರಾಯನದುರ್ಗ: ಬೆಟ್ಟದ ತಪ್ಪಲಲ್ಲಿ ಬೇಸಾಯದ ಪಾಠ

ತುಮಕೂರು ನಗರದಿಂದ ಸುಮಾರು 15 ಕಿ.ಮೀ. ದೂರದ ದೇವರಾಯನದುರ್ಗವನ್ನು ಬಹುಪಾಲು ಜನ ಬಲ್ಲುದು ಯೋಗಾನರಸಿಂಹ, ಭೋಗಾನರಸಿಂಹ ದೇಗುಲಗಳಿಂದ ಹಾಗೂ ನಾಮದ ಚಿಲುಮೆಯಿಂದ. ಭಾನುವಾರ ಬೆಂಗಳೂರಿನಿಂದ ಬಂದು, ದರ್ಶನ ಮುಗಿಸಿ, ಕೋತಿಗಳಿಗೆ ತಿಂಡಿ ಎಸೆದು ಮರಳುವವರೇ ಅಧಿಕ. ಆದರೆ ಕೃಷಿ ಮತ್ತು ಪರಿಸರವನ್ನು ಕಣ್ಣಾರೆ ಕಂಡು ಕಲಿಯಬಯಸುವವರಿಗೆ ರಾಜ್ಯದಲ್ಲಿ ಇಷ್ಟು ಅನುಕೂಲವಾದ ತಾಣಗಳು ವಿರಳ.

ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟಸಾಲು ಎರಡು ನದಿಗಳ ತವರು. ಇಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಾಭಿಮುಖವಾಗಿ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಶಿಂಷಾ ನದಿಯು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಹಾದು ಕಾವೇರಿಯ ಒಡಲು ಸೇರುತ್ತದೆ. ಬೆಟ್ಟದ ಕಾಡು ಬೋಳಾದರೆ ಎರಡೂ ದಿಕ್ಕಿನ ಕೆರೆಗಳು ಸೊರಗುತ್ತವೆ. ಬೇಸಿಗೆಯಲ್ಲಿ ಹುಲ್ಲಿಗೆ ಬೀಳುವ ಬೆಂಕಿ ತಪ್ಪಲಿನ ರೈತನಿಗೆ ನೀರಿನ ಪ್ರಶ್ನೆಯೂ ಆಗುವುದು ಹೀಗೆ.

ದಕ್ಷಿಣ ಭಾರತದ ಕಲ್ಲುಗುಡ್ಡಗಳಿಗಷ್ಟೇ ಸೀಮಿತವಾದ, ಅಳಿವಿನ ಭೀತಿಯಲ್ಲಿರುವ ಹಳದಿ ಗಂಟಲಿನ ಪಿಕಳಾರ ಹಕ್ಕಿಗೆ ಈ ಕಾಡು ಆಶ್ರಯ ನೀಡಿದೆ. ಚಿರತೆ, ಕರಡಿಗಳೂ ಇವೆ. 1990ರ ದಶಕದಲ್ಲಿ ರಾಜ್ಯದ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳ ಜಾಲ ರೂಪುಗೊಂಡಾಗ ದೇವರಾಯನದುರ್ಗವೂ ಅದರಲ್ಲಿ ಸೇರಿತು. ಇಲ್ಲಿನ ಜೀವಿಗಳನ್ನು ದಾಖಲಿಸುವಲ್ಲಿ ತುಮಕೂರಿನ ಹವ್ಯಾಸಿಗಳೇ ಕಟ್ಟಿದ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನ ಪಾತ್ರ ದೊಡ್ಡದು. ಇದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೆ ಗ್ರಾಮಸ್ಥರೇ ಕಾವಲು.

ಕಾಡಿನಿಂದ ಕೆಳಗಿಳಿದರೆ ರಾಗಿ ಹೊಲ. ಕಲಿಯಲು ಬಂದವರು ಹೆಚ್ಚು ಹೊತ್ತು ನಿಲ್ಲಬೇಕಾದುದು ಇಲ್ಲಿಯೇ. ಬಯಲುಸೀಮೆಯ ಅಕ್ಕಡಿ ಸಾಲು ಪದ್ಧತಿಯಲ್ಲಿ ರಾಗಿಯ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳಗಳನ್ನು ಬಿತ್ತುತ್ತಾರೆ. ದ್ವಿದಳ ಧಾನ್ಯಗಳ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೂಡಿಸುತ್ತವೆ. ಎತ್ತರದ ಜೋಳದ ಮೇಲೆ ಕೂರುವ ಹಕ್ಕಿಗಳು ಹುಳುಗಳನ್ನು ಹೆಕ್ಕುತ್ತವೆ. ರಾಗಿ ಕಟಾವಾದ ಮೇಲೂ ಅವರೆ ಇಬ್ಬನಿಯಲ್ಲೇ ಸೊಗಡು ತುಂಬಿಕೊಂಡು ನಿಲ್ಲುತ್ತದೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರಿಳಿಸಿದ ತೊಗರಿ ಒಂದಿಷ್ಟು ಕೊಟ್ಟೇ ತೀರುತ್ತದೆ. ಬೆಳೆವಿಮೆ ಎಂಬ ಮಾತು ಹುಟ್ಟುವ ಮೊದಲೇ ರೈತರು ಕಂಡುಕೊಂಡ ವಿಮೆಯಿದು. ಯಂತ್ರದ ಕಟಾವು, ಒಂದೇ ಬೆಳೆಯ ಆಸೆ, ಕೂಲಿಯಾಳುಗಳ ಅಭಾವಗಳಿಂದ ಅಕ್ಕಡಿ ಹಿಂದೆ ಸರಿಯುತ್ತಿರುವುದರಿಂದ ಅದನ್ನು ಬಲ್ಲ ಹಿರಿಯರ ಮಾತು ಕೇಳುವುದು ತುರ್ತಿನ ಕೆಲಸ. ತುಮಕೂರು ಸಮೀಪದ ದೊಡ್ಡಹೊಸೂರಿನ ಸಹಜ ಬೇಸಾಯ ಶಾಲೆಯ ಹೆಸರೂ ಇಂತಹ ಕಲಿಕೆಯೊಂದಿಗೆ ಬೆಸೆದುಕೊಂಡಿದೆ.

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರುವಾಸಿ. ಅಲ್ಲಿನ ರೈತ ಕುಟುಂಬವೊಂದರ ಜಮೀನಿನಲ್ಲಿದ್ದ ತಾಮ್ರಗೆಂಪು ತೊಳೆಯ, ಸುಮಾರು ಎರಡೂವರೆ ಕೆ.ಜಿ. ತೂಗುವ ಹಣ್ಣಿನ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಗುರುತಿಸಿ ‘ಸಿದ್ದು’ ಎಂಬ ತಳಿಯಾಗಿ ಬೆಳಕಿಗೆ ತಂದಿತು. ಕಸಿ ಗಿಡಗಳ ಮಾರಾಟದ ಹೆಚ್ಚಿನ ಪಾಲು ಮರದ ಒಡೆಯರಿಗೇ ಸಲ್ಲುವಂತೆ 2017ರಲ್ಲಿ ಒಪ್ಪಂದವಾಯಿತು. ಊರಿನ ಜ್ಞಾನ ಊರಿಗೇ ಆದಾಯ ತಂದ ಅಪರೂಪದ ಪ್ರಸಂಗವಿದು.

ಕೃಷಿ ಪ್ರವಾಸಗಳ ಕುರಿತ ಮುಖ್ಯ ತಕರಾರು ಇರುವುದೂ ಇಲ್ಲಿಯೇ. ನಗರದ ಸಂಘಟಕರು ಶುಲ್ಕ ಪಡೆದು, ರೈತನಿಗೆ ಹಾರ ಹಾಕಿ ಹಿಂದಿರುಗಿದರೆ ಅದು ಪಿಕ್‌ನಿಕ್ ಅಷ್ಟೆ. ಮಾರ್ಗದರ್ಶಿ, ಅಡುಗೆ, ವಸತಿ, ಬಿತ್ತನೆ ಬೀಜದ ಮಾರಾಟಗಳೆಲ್ಲ ಊರವರ ಕೈಯಲ್ಲಿದ್ದು, ಎಷ್ಟು ಜನ ಬರಬೇಕೆಂಬುದನ್ನೂ ಅವರೇ ನಿರ್ಧರಿಸುವಂತಾದರೆ ಮಾತ್ರ ಸಮುದಾಯದ ಪ್ರವಾಸವೆಂಬ ಹೆಸರು ಒಪ್ಪುತ್ತದೆ.

ಹಸಿರು ಹೊಲಗಳನ್ನು ನೋಡಲು ಆಗಸ್ಟ್‌ನಿಂದ ಅಕ್ಟೋಬರ್, ಸುಗ್ಗಿ ಹಾಗೂ ಅವರೆಗೆ ಡಿಸೆಂಬರ್, ಜನವರಿ ಸೂಕ್ತ ಕಾಲ. ಇದು ಮೀಸಲು ಅರಣ್ಯವಾದ್ದರಿಂದ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಪ್ಲಾಸ್ಟಿಕ್ ಒಯ್ಯಬಾರದು, ಕೋತಿಗಳಿಗೆ ತಿಂಡಿ ಕೊಡಲೇಬಾರದು.