ಲ್ಯಾಟಿನ್ ‘ಒರುಜ’, ‘ಜಿಂಗಿಬೆರ್’ ಮತ್ತು ತಮಿಳು: ಒಂದು ಟಿಪ್ಪಣಿ

1. ವ್ಯಾಪ್ತಿ

ಲ್ಯಾಟಿನ್ನಿನ ‘ಒರುಜ’ (ಅಕ್ಕಿ), ‘ಜಿಂಗಿಬೆರ್’ (ಶುಂಠಿ) ಪದಗಳನ್ನು ತಮಿಳಿನ ‘ಅರಿಸಿ’, ‘ಇಂಜಿ’ಗಳೊಡನೆ ಇಟ್ಟು ನೋಡುವ ರೂಢಿ ಹಳೆಯದು. ‘ಅರಿಸಿ’ಯ ಹೋಲಿಕೆ ಕಾಲ್ಡ್‌ವೆಲ್ಲರ ವ್ಯಾಕರಣದಲ್ಲೂ (1856, ಪರಿಷ್ಕೃತ ಆವೃತ್ತಿ 1875) ಬರುತ್ತದೆ. ಎರಡೂ ಪದಗಳು ಲ್ಯಾಟಿನ್ನಿಗೆ ಗ್ರೀಕಿನಿಂದ ಬಂದವು; ಎರಡೂ ಸರಕಿನ ಹೆಸರುಗಳು. ಆದ್ದರಿಂದ ಇವು ಭಾಷಾಕುಲಗಳ ಏಕಮೂಲಕ್ಕೆ ಸಾಕ್ಷಿಯಾಗಲಾರವು. ಇಲ್ಲಿ ಕೇಳಬಹುದಾದದ್ದು ಎರವಲಿನ ದಾರಿಯನ್ನು ಮಾತ್ರ.

2. ‘ಒರುಜ’

ಲ್ಯಾಟಿನ್ನಿನಲ್ಲಿ ಹೊರೇಸನ ಎರಡನೆಯ ವಿಡಂಬನ ಸಂಪುಟದಲ್ಲಿ (ಸು. ಕ್ರಿ.ಪೂ. 30) ಪದ ಸಿಗುತ್ತದೆ: ವೈದ್ಯ ಹೇಳಿದ ಅಕ್ಕಿಗಂಜಿಯ ಬೆಲೆ ಎಂಟು ಆಸ್ ಎಂದು ಕೇಳಿ ಜಿಪುಣ ರೋಗಿ ಕಂಗೆಡುತ್ತಾನೆ. ಗ್ರೀಕಿನಲ್ಲಿ ಥಿಯೊಫ್ರಾಸ್ಟಸ್ ಭಾರತದ ಭತ್ತವನ್ನು ವರ್ಣಿಸಿದ್ದಾನೆ. ಅಲೆಕ್ಸಾಂಡರನ ಜತೆಗಿದ್ದ ಅರಿಸ್ಟೊಬ್ಯುಲಸನ ವರದಿಯನ್ನು ಸ್ಟ್ರಾಬೊ (15.1.18) ಉಳಿಸಿಕೊಟ್ಟಿದ್ದಾನೆ; ಅದರಲ್ಲಿ ಭತ್ತ ಬೆಳೆವ ನಾಡುಗಳೆಂದು ಬ್ಯಾಕ್ಟ್ರಿಯ, ಬ್ಯಾಬಿಲೋನಿಯಗಳ ಹೆಸರಿದೆ, ತಮಿಳುನಾಡಿನದಿಲ್ಲ.

ಧ್ವನಿಯ ಅಡಚಣೆಯೂ ಇದೆ. ಗ್ರೀಕಿನ ‘ಜ’ಕಾರಕ್ಕೆ ಹೊಂದುವುದು ತಮಿಳಿನ ‘-ಸಿ’ ಮಾತ್ರ. ದ್ರಾವಿಡ ನಿರುಕ್ತಕೋಶ ಅದೇ ಗುಂಪಿಗೆ ಸೇರಿಸುವ ಮಲಯಾಳ, ತುಳುಗಳ ‘ಅರಿ’ಯಲ್ಲಾಗಲಿ ಕನ್ನಡದ ‘ಅಕ್ಕಿ’ಯಲ್ಲಾಗಲಿ ಆ ಧ್ವನಿ ಇಲ್ಲ. ಸಂಸ್ಕೃತದ ‘ವ್ರೀಹಿ’, ಪಶ್ತೋವಿನ ‘ವ್ರಿಜೆ’ಗಳಿಗೆ ಸಂಬಂಧಿಸಿದ ಇರಾನೀ ರೂಪವೊಂದರಿಂದ ಗ್ರೀಕ್ ಪದ ಬಂದಿರಬಹುದೆಂಬ ಊಹೆಯೇ, ಕಾಲ ಮತ್ತು ಭೂಗೋಳ ಎರಡನ್ನೂ ನೋಡಿದರೆ, ಹೆಚ್ಚು ಸಂಭವನೀಯ. ‘ವ್ರೀಹಿ’ಯ ಮೂಲವೇ ಚರ್ಚಾಸ್ಪದ, ಹಾಗಾಗಿ ತೀರ ಹಿಂದಿನ ಹಂತದಲ್ಲಿ ದ್ರಾವಿಡ ನಂಟು ಇದ್ದಿರಲಾರದು ಎನ್ನುವಂತಿಲ್ಲ.

3. ‘ಜಿಂಗಿಬೆರ್’

ಇಲ್ಲಿ ಆಧಾರ ಗಟ್ಟಿ. ಪಾಳಿ ವಿನಯಪಿಟಕದ ಮಹಾವಗ್ಗ ಔಷಧಿ ಬೇರುಗಳ ಪಟ್ಟಿಯಲ್ಲಿ ಅರಿಸಿನದೊಡನೆ ‘ಸಿಂಗಿವೇರ’ವನ್ನು ಹೇಳುತ್ತದೆ. ಗ್ರೀಕಿನ ‘ಜಿಂಗಿಬೆರಿಸ್’ಗೆ ಇದು ಬಲು ಹತ್ತಿರ. ಉತ್ತರಪದ ದ್ರಾವಿಡದ ‘ವೇರ್’, ಅಂದರೆ ಕನ್ನಡದ ‘ಬೇರು’, ಎಂಬುದು ಬಹುಮಟ್ಟಿಗೆ ಒಪ್ಪಿತ. ಸಂಸ್ಕೃತದ ‘ಶೃಂಗವೇರ’ ರೂಪಕ್ಕೆ ‘ಶೃಂಗ’ (ಕೊಂಬು) ಪದದ ಪ್ರಭಾವ ತಗುಲಿರುವಂತಿದೆ.

ಪ್ಲಿನಿ (12ನೆಯ ಸಂಪುಟ, ಕ್ರಿ.ಶ. 77) ‘ಜಿಂಪಿಬೆರಿ’, ‘ಜಿಂಗಿಬೆರಿ’ ಎಂಬ ಎರಡು ರೂಪ ಕೊಡುತ್ತಾನೆ. ಪೌಂಡಿಗೆ ಆರು ದಿನಾರಿಯಸ್ ಬೆಲೆ, ಬೇರು ಬಿಳಿಯದು, ಮೆಣಸಿನ ಬಳ್ಳಿಯ ಬೇರಲ್ಲ. ಬೆಳೆಯುವುದು ಅರೇಬಿಯದಲ್ಲಿ ಎನ್ನುತ್ತಾನೆ. ಹೆಸರು ಭಾರತದ್ದು, ಹೇಳಿದ ನೆಲೆ ಅರೇಬಿಯ: ಮಧ್ಯವರ್ತಿ ವರ್ತಕರ ನಾಡನ್ನೇ ತವರೆಂದು ಎಣಿಸಿದ್ದರ ಫಲ ಇದಾಗಿರಬೇಕು.

ತಮಿಳಿನ ‘ಇಂಜಿ’ಯಲ್ಲಿ ಪದಾದಿಯ ಸಕಾರವಿಲ್ಲ. ಪದಾದಿ ಚಕಾರ ಲೋಪಿಸುವುದು ದಕ್ಷಿಣ ದ್ರಾವಿಡದಲ್ಲಿ ಪರಿಚಿತ ಬದಲಾವಣೆ. ಎರವಲು ಆ ಲೋಪಕ್ಕೆ ಮುಂಚಿನದಿರಬಹುದು. ಹಾಗಿದ್ದರೆ ಪಾಳಿ ರೂಪದ ಹಿಂದಿರುವುದು ಸಾಹಿತ್ಯದಲ್ಲಿ ನಮಗೆ ಸಿಗುವ ತಮಿಳಲ್ಲ, ಅದಕ್ಕಿಂತ ಹಳೆಯ ದ್ರಾವಿಡ ರೂಪ.